ಓದುಗರ ಪ್ರಶ್ನೆ: ಟರ್ಮಿನಲ್‌ನಲ್ಲಿ ಫೈಲುಗಳ ವಿಧವಾರು ಪಟ್ಟಿ

ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಅಚ್ಚು ಹಾಕಿದೆ. ಟೈಪ್ ಮಾಡಬೇಕಾದದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ‘ಎಲ್‌ಎಸ್’ ಎಂದರೆ ಎಲ್ ಮತ್ತು ಎಸ್ ಎರಡೇ ಅಕ್ಷರ, ಫೋಲ್ಡರಿನಲ್ಲಿ ಇರುವುದನ್ನು ಪಟ್ಟಿ ಮಾಡುವ ಕಮಾಂಡು. ‘ಫೈಂಡ್’, ‘ಫೈಲ್’, ‘ಸಾರ್ಟ್’ ಮುಂತಾದವು ಪೂರ್ತಿ ಪದಗಳು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ. ಚಿಹ್ನೆಗಳನ್ನು ಮತ್ತು ನಡುವಿನ ಖಾಲಿ ಜಾಗವನ್ನು ಇದ್ದ ಹಾಗೇ ಹಾಕಿ.

ಪ್ರಶ್ನೆ: ಉಬುಂಟುವಿನಲ್ಲಿ ಎಲ್‌ಎಸ್ ಕೊಟ್ಟರೆ ಫೋಲ್ಡರು, ಫೋಟೊ, ಪಿಡಿಎಫ್ ಎಲ್ಲ ಕಲಸುಮೇಲೋಗರವಾಗಿ ಬರುತ್ತವೆ. ವಿಧವಾರು ಬೇರ್ಪಡಿಸಿ ತೋರಿಸುವ ಆಪ್ಷನ್ ಇದೆಯೆ? ಬರೀ ಫೋಲ್ಡರು, ಬರೀ ಫೈಲು ನೋಡುವುದು ಹೇಗೆ? (ಹಾಸನ)

ಉತ್ತರ: ಮೊದಲು ‘ವಿಧ’ ಅಂದರೆ ಏನು ಎಂದು ತೀರ್ಮಾನಿಸಿಕೊಳ್ಳಿ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಸಾಮಾನ್ಯ ಫೈಲೋ, ಫೋಲ್ಡರೋ, ಲಿಂಕೋ ಎಂಬುದು ಒಂದು. ಇದನ್ನು ಫೈಲ್ ಸಿಸ್ಟಮ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಇನ್ನೊಂದು. ಅದು ಬರೀ ಹೆಸರಿನ ಭಾಗ, ಯಾರು ಬೇಕಾದರೂ ಬದಲಿಸಬಹುದು. ಒಳಗಿರುವ ಮಾಹಿತಿ ನಿಜಕ್ಕೂ ಏನು ಎಂಬುದು ಮೂರನೆಯದು. ಮೊದಲನೆಯದಕ್ಕೆ ಎಲ್‌ಎಸ್ ಮತ್ತು ಫೈಂಡ್, ಎರಡನೆಯದಕ್ಕೆ ಶೆಲ್‌ನ ನಕ್ಷತ್ರ ಚಿಹ್ನೆ (ಶೆಲ್ ಎಂದರೆ ನೀವು ಟೈಪ್ ಮಾಡಿದ್ದನ್ನು ಓದಿ ಕಮಾಂಡು ಓಡಿಸುವ ಪ್ರೋಗ್ರಾಮು), ಮೂರನೆಯದಕ್ಕೆ ‘ಫೈಲ್’ ಎಂಬ ಹೆಸರಿನದೇ ಕಮಾಂಡು. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ತೊಡಕು ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳಿದ್ದರಿಂದ ಆದದ್ದು.

‘ಎಲ್‌ಎಸ್ -ಎಲ್’ ಕೊಟ್ಟಾಗ ಪ್ರತಿ ಸಾಲಿನ ಮೊದಲ ಅಕ್ಷರವೇ ವಿಧ. ಅಡ್ಡಗೆರೆ ಇದ್ದರೆ ಸಾಮಾನ್ಯ ಫೈಲು, ಡಿ ಇದ್ದರೆ ಫೋಲ್ಡರು, ಎಲ್ ಇದ್ದರೆ ಸಿಂಬಾಲಿಕ್ ಲಿಂಕು (ಇನ್ನೊಂದು ಫೈಲನ್ನೋ ಫೋಲ್ಡರನ್ನೋ ತೋರಿಸುವ ಹೆಸರು). ಪಿ ಪೈಪು, ಎಸ್ ಸಾಕೆಟ್ಟು, ಇವೆರಡೂ ಪ್ರೋಗ್ರಾಮುಗಳು ತಮ್ಮೊಳಗೆ ಮಾಹಿತಿ ದಾಟಿಸಿಕೊಳ್ಳುವ ದಾರಿಗಳು. ಬಿ ಮತ್ತು ಸಿ ಸಾಧನಗಳಿಗೆ. ‘ಎಲ್‌ಎಸ್ -ಎಲ್ /ಡೆವ್’ ಎಂದು ನೋಡಿದರೆ ಹಾರ್ಡ್ ಡಿಸ್ಕಿನ ಎದುರು ಬಿ, ಟರ್ಮಿನಲ್ಲುಗಳ ಎದುರು ಸಿ ಕಾಣುತ್ತದೆ. ಇಷ್ಟು ಉದ್ದದ ಪಟ್ಟಿ ಬೇಡವೆನಿಸಿದರೆ ‘ಎಲ್‌ಎಸ್ -ಎಫ್’ (ದೊಡ್ಡ ಎಫ್) ಸಾಕು: ಫೋಲ್ಡರಿನ ಹೆಸರಿನ ಕೊನೆಗೆ /, ಓಡಿಸಬಲ್ಲ ಫೈಲಿಗೆ *, ಲಿಂಕಿಗೆ @, ಪೈಪಿಗೆ |, ಸಾಕೆಟ್ಟಿಗೆ = ಸೇರಿಸುತ್ತದೆ. ಬರೀ ಫೋಲ್ಡರಿಗೆ ಗುರುತು ಸಾಕೆಂದರೆ ಸಣ್ಣ ಪಿ.

ನೀವು ಕೇಳಿದ್ದಕ್ಕೆ ತೀರ ಹತ್ತಿರವಾದದ್ದು ಇದು:

ಎಲ್‌ಎಸ್ -ಎಲ್‌ಎಕ್ಸ್ --ಗ್ರೂಪ್-ಡೈರೆಕ್ಟರೀಸ್-ಫಸ್ಟ್

ಇಲ್ಲಿ ಎಲ್ ಸಣ್ಣದು, ಎಕ್ಸ್ ದೊಡ್ಡದು. ಫೋಲ್ಡರುಗಳು ಮೇಲೆ ಬರುತ್ತವೆ, ಆಮೇಲೆ ಎಕ್ಸ್‌ಟೆನ್ಷನ್ ಇಲ್ಲದವು, ಅದರ ಕೆಳಗೆ ಎಕ್ಸ್‌ಟೆನ್ಷನ್ನಿನ ಅಕಾರಾದಿಯಲ್ಲಿ ಉಳಿದವು. ಲೆಕ್ಕಕ್ಕೆ ಬರುವುದು ಕೊನೆಯ ಚುಕ್ಕಿಯ ನಂತರದ ಭಾಗ ಮಾತ್ರ, ಹಾಗಾಗಿ ‘.ಟಾರ್.ಜಿಜೆಡ್’ ಫೈಲು ಜಿಜೆಡ್ ಗುಂಪಿಗೆ ಹೋಗುತ್ತದೆ. ಎರಡೂ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಆವೃತ್ತಿಯ ಆಪ್ಷನ್ನುಗಳು. ಮ್ಯಾಕ್‌ನ ಎಲ್‌ಎಸ್ ಬಿಎಸ್‌ಡಿ ವಂಶದ್ದು. ಅಲ್ಲಿ ದೊಡ್ಡ ಎಕ್ಸ್ ಈ ಕೆಲಸ ಮಾಡುವುದಿಲ್ಲ.

ಬರೀ ಫೋಲ್ಡರು ಬೇಕಾದರೆ ‘ಎಲ್‌ಎಸ್ -ಡಿ */’. ಡಿ ಬಿಟ್ಟರೆ ಪ್ರತಿ ಫೋಲ್ಡರಿನ ಒಳಗಿನದ್ದೆಲ್ಲ ಹೊರಬಂದು ಬೀಳುತ್ತದೆ. ಈ ವಿಧಾನದಲ್ಲಿ ಎರಡು ಸಣ್ಣ ಸಂಗತಿ ಗಮನದಲ್ಲಿರಲಿ: ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರು ಇದರಲ್ಲಿ ಬರುವುದಿಲ್ಲ, ಆದರೆ ಫೋಲ್ಡರಿಗೆ ಕೊಟ್ಟ ಸಿಂಬಾಲಿಕ್ ಲಿಂಕೂ ಪಟ್ಟಿಯಲ್ಲಿ ಸೇರಿ ಬರುತ್ತದೆ.

ಬರೀ ಫೈಲು ತೋರಿಸು ಎನ್ನುವ ಆಪ್ಷನ್ ಎಲ್‌ಎಸ್‌ನಲ್ಲಿ ಇಲ್ಲವೇ ಇಲ್ಲ. ಹುಡುಕಿ ಸುಸ್ತಾಗಬೇಡಿ. ಅದಕ್ಕೆ ಫೈಂಡ್:

ಫೈಂಡ್ . -ಮ್ಯಾಕ್ಸ್‌ಡೆಪ್ತ್ 1 -ಟೈಪ್ ಎಫ್

ಎಫ್ ಬದಲು ಡಿ, ಎಲ್, ಪಿ, ಎಸ್, ಬಿ, ಸಿ ಯಾವುದನ್ನಾದರೂ ಹಾಕಬಹುದು. ಮ್ಯಾಕ್ಸ್‌ಡೆಪ್ತ್ 1 ಎಂದರೆ ಒಳ ಫೋಲ್ಡರುಗಳಿಗೆ ಇಳಿಯಬೇಡ ಎಂದು. ಅದನ್ನು ಟೈಪ್‌ಗಿಂತ ಮೊದಲೇ ಬರೆಯಬೇಕು, ಇಲ್ಲದಿದ್ದರೆ ಗ್ನೂ ಫೈಂಡ್ ಎಚ್ಚರಿಕೆಯ ಸಾಲು ಬರೆಯುತ್ತದೆ. ಟೈಪ್ ಡಿ ಕೊಟ್ಟಾಗ ಪಟ್ಟಿಯ ತಲೆಯಲ್ಲಿ ಒಂದು ಒಂಟಿ ಚುಕ್ಕಿ ಬರುತ್ತದೆ, ಅದು ನೀವು ನಿಂತಿರುವ ಫೋಲ್ಡರೇ. ಅದು ಬೇಡವಾದರೆ ‘-ಮಿನ್‌ಡೆಪ್ತ್ 1’ ಸೇರಿಸಿ. ಎಲ್‌ಎಸ್‌ಗಿಂತ ಭಿನ್ನವಾಗಿ ಫೈಂಡ್ ಅಡಗಿದ ಫೈಲುಗಳನ್ನೂ ಹೇಳುತ್ತದೆ, ಮತ್ತು ಅಕಾರಾದಿ ಅದಕ್ಕೆ ಗೊತ್ತಿಲ್ಲ. ಬೇಕಿದ್ದರೆ ಕೊನೆಗೆ ‘| ಸಾರ್ಟ್’ ಹಾಕಿ. ಲಿಂಕು ಇದೆ, ಅದು ತೋರಿಸುವ ಫೈಲು ಇಲ್ಲ ಎಂಬಂಥ ಮುರಿದ ಲಿಂಕುಗಳನ್ನು ‘ಫೈಂಡ್ . -ಎಕ್ಸ್‌ಟೈಪ್ ಎಲ್’ ಹಿಡಿದುಕೊಡುತ್ತದೆ.

ಪ್ರಶ್ನೆ: ಕ್ಯಾಮೆರಾದಿಂದ ಇಳಿಸಿದ ಫೋಲ್ಡರಿನಲ್ಲಿ ‘ಎಲ್‌ಎಸ್ *.ಜೆಪಿಜಿ’ ಕೊಟ್ಟರೆ ಅಂಥ ಫೈಲೇ ಇಲ್ಲ ಎನ್ನುತ್ತದೆ. ಫೋಟೊಗಳು ಕಣ್ಣೆದುರೇ ಇವೆಯಲ್ಲ! (ಮಂಗಳೂರು)

ಉತ್ತರ: ಕ್ಯಾಮೆರಾಗಳು ಎಕ್ಸ್‌ಟೆನ್ಷನ್ನನ್ನು ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಬರೆಯುತ್ತವೆ. ಲಿನಕ್ಸ್‌ಗೆ ದೊಡ್ಡ ಜೆಪಿಜಿ ಬೇರೆ, ಸಣ್ಣ ಜೆಪಿಜಿ ಬೇರೆ.

ನಕ್ಷತ್ರವನ್ನು ಬಿಡಿಸುವುದು ಎಲ್‌ಎಸ್ ಅಲ್ಲ, ಶೆಲ್. ನೀವು ಎಂಟರ್ ಒತ್ತಿದ ಕೂಡಲೇ ಬ್ಯಾಷ್ ಶೆಲ್ ಹೊಂದುವ ಹೆಸರುಗಳನ್ನೆಲ್ಲ ಹುಡುಕಿ, ಆ ಪಟ್ಟಿಯನ್ನು ಎಲ್‌ಎಸ್ ಕೈಗೆ ಕೊಡುತ್ತದೆ. ಒಂದೂ ಸಿಗದಿದ್ದರೆ ನಕ್ಷತ್ರ ಸಮೇತ ಆ ಪದವನ್ನೇ ದಾಟಿಸಿಬಿಡುತ್ತದೆ. ಅದಕ್ಕೇ ತಪ್ಪಿನ ಸಂದೇಶದೊಳಗೆ ನಕ್ಷತ್ರವೂ ಕಾಣುತ್ತದೆ. ಅನುಮಾನವಿದ್ದರೆ ಎಲ್‌ಎಸ್ ಬದಲು ‘ಎಕೋ’ ಹಾಕಿ ನೋಡಿ, ಶೆಲ್ ಏನು ಬಿಡಿಸಿತು ಎಂಬುದು ಹಾಗೇ ಕಾಣುತ್ತದೆ.

‘ಶಾಪ್ಟ್ -ಎಸ್ ನೋಕೇಸ್‌ಗ್ಲಾಬ್’ ಎಂದು ಒಮ್ಮೆ ಕೊಟ್ಟರೆ ಆ ಟರ್ಮಿನಲ್ ಮುಚ್ಚುವವರೆಗೆ ದೊಡ್ಡ-ಸಣ್ಣ ಭೇದ ಇರುವುದಿಲ್ಲ. ಕೆಲಸ ಮುಗಿದ ಮೇಲೆ ‘-ಎಸ್’ ಬದಲು ‘-ಯು’ ಹಾಕಿ ಆರಿಸಿ. ಇದನ್ನು ಶಾಶ್ವತವಾಗಿ ಹಾಕಿಟ್ಟುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ, ಏಕೆಂದರೆ ಅಳಿಸುವ ‘ಆರ್‌ಎಂ’ಗೂ ಅದು ಅನ್ವಯಿಸುತ್ತದೆ. ಇದಕ್ಕಿಂತ ಒಳ್ಳೆಯದು ಫೈಂಡ್‌ನ ‘ಐನೇಮ್’:

ಫೈಂಡ್ . -ಟೈಪ್ ಎಫ್ -ಐನೇಮ್ '*.ಜೆಪಿಜಿ'

ಒಂಟಿ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ಶೆಲ್ ಮೊದಲೇ ನಕ್ಷತ್ರವನ್ನು ಬಿಡಿಸಿ ಹತ್ತಾರು ಹೆಸರು ತುರುಕುತ್ತದೆ, ಫೈಂಡ್‌ಗೆ ತಲೆಬುಡ ತಿಳಿಯದೆ ದಾರಿಯ ಹೆಸರು ಷರತ್ತಿಗಿಂತ ಮೊದಲು ಬರಬೇಕು ಎಂದು ದೂರುತ್ತದೆ. ಆ ಫೋಲ್ಡರಿನಲ್ಲಿ ಹೊಂದುವ ಫೈಲು ಒಂದೇ ಇದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು: ದೂರೂ ಬರುವುದಿಲ್ಲ, ಆ ಒಂದೇ ಹೆಸರಿನ ಫೈಲುಗಳನ್ನು ಮಾತ್ರ ಹುಡುಕಿ ಸುಮ್ಮನಾಗುತ್ತದೆ.

ಜೆಪಿಜಿ, ಪಿಎನ್‌ಜಿ ಎರಡೂ ಬೇಕಾದರೆ ಆವರಣ ಹಾಕಲೇಬೇಕು:

ಫೈಂಡ್ . -ಟೈಪ್ ಎಫ್ \( -ಐನೇಮ್ '*.ಜೆಪಿಜಿ' -ಒ -ಐನೇಮ್ '*.ಪಿಎನ್‌ಜಿ' \)

ಆವರಣದ ಎರಡೂ ಬದಿ ಖಾಲಿ ಜಾಗ, ಹಿಂದೆ ಓರೆಗೆರೆ ಇರಲೇಬೇಕು. ಆವರಣವಿಲ್ಲದಿದ್ದರೆ ‘ಟೈಪ್ ಎಫ್’ ಷರತ್ತು ಜೆಪಿಜಿಗೆ ಮಾತ್ರ ಅಂಟಿಕೊಳ್ಳುತ್ತದೆ. ಕೊನೆಗೆ ‘-ಪ್ರಿಂಟ್’ ಅಥವಾ ‘-ಡಿಲೀಟ್’ ಸೇರಿಸಿದರೆ ಅದು ಪಿಎನ್‌ಜಿಗೆ ಮಾತ್ರ. ಪಟ್ಟಿ ಮಾಡುವಾಗ ಇದು ಬರೀ ಕಿರಿಕಿರಿ, ಅಳಿಸುವಾಗ ಅನಾಹುತ.

ಪ್ರಶ್ನೆ: ಎಕ್ಸ್‌ಟೆನ್ಷನ್ನೇ ಇಲ್ಲದ ನೂರಾರು ಫೈಲುಗಳು ಹಳೆಯ ಡಿಸ್ಕಿನಿಂದ ಸಿಕ್ಕಿವೆ. ಯಾವುದು ಚಿತ್ರ, ಯಾವುದು ದಾಖಲೆ ಎಂದು ತಿಳಿಯುವುದು ಹೇಗೆ? ಕೆಲವು ಹಳೆಯ ನುಡಿ ಫೈಲುಗಳೂ ಇರಬೇಕು. (ಬೆಂಗಳೂರು)

ಉತ್ತರ: ‘ಫೈಲ್ *’ ಎಂದು ಕೊಡಿ. ಈ ಕಮಾಂಡು ಹೆಸರನ್ನು ನಂಬುವುದಿಲ್ಲ, ಒಳಗಿನ ಬೈಟುಗಳನ್ನು ಓದುತ್ತದೆ. ಪಿಡಿಎಫ್ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರು ಅಕ್ಷರದಿಂದಲೇ ಶುರುವಾಗುತ್ತದೆ. ಜೆಪಿಜಿಯ ಮೊದಲ ಎರಡು ಬೈಟು 255 ಮತ್ತು 216. ಜಿಪ್ ಫೈಲಿನ ತಲೆಯಲ್ಲಿ ಪಿ, ಕೆ ಎಂಬ ಅಕ್ಷರಗಳು, ಆ ರೂಪವನ್ನು ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳವು. ಇಂಥ ಗುರುತುಗಳ ದೊಡ್ಡ ಪಟ್ಟಿಯೊಂದನ್ನು ಫೈಲ್ ಕಮಾಂಡು ಜತೆಗಿಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ಇಂದು ಇರುವ ಆವೃತ್ತಿ ಇಯಾನ್ ಡಾರ್ವಿನ್ ಬರೆದದ್ದರಿಂದ ಬೆಳೆದು ಬಂದದ್ದು. ‘ಕಮಾಂಡು ಸಿಗಲಿಲ್ಲ’ ಎಂದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫೈಲ್’. ಚಿಕ್ಕ ಇನ್‌ಸ್ಟಲೇಶನ್‌ಗಳಲ್ಲಿ ಇದು ಇರುವುದಿಲ್ಲ. ವರ್ಡ್‌ನ ಹೊಸ ಡಾಕ್ಸ್ ಫೈಲು ಒಳಗೆ ಜಿಪ್ಪೇ ಆದ್ದರಿಂದ ಕೆಲವೊಮ್ಮೆ ಜಿಪ್ ಎಂದೇ ಉತ್ತರ ಬರುತ್ತದೆ. ಗಾಬರಿ ಬೇಡ.

ಬಂದ ಉತ್ತರದಿಂದ ಮುಂದೆ ಏನಾದರೂ ಮಾಡಿಸುವುದಿದ್ದರೆ ವಾಕ್ಯರೂಪದ ವಿವರಣೆ ಬೇಡ. ‘ಫೈಲ್ --ಮೈಮ್-ಟೈಪ್ *’ ಕೊಡಿ. ಆಗ ‘ಇಮೇಜ್/ಜೆಪಿಇಜಿ’ಯಂಥ ಚುಟುಕು ಹೆಸರು ಬರುತ್ತದೆ, ಆವೃತ್ತಿಯಿಂದ ಆವೃತ್ತಿಗೆ ಅಷ್ಟಾಗಿ ಬದಲಾಗುವುದಿಲ್ಲ.

ನುಡಿ ಫೈಲುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯುನಿಕೋಡ್‌ಗೆ ಮುಂಚಿನ ನುಡಿ ಪಠ್ಯದಲ್ಲಿ ಕನ್ನಡ ಅಕ್ಷರ ಎನ್ನುವುದೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು 127ರ ಮೇಲಿನ ಬೈಟುಗಳು. ಫಾಂಟು ಅವುಗಳಿಗೆ ಕನ್ನಡದ ತುಣುಕು ಆಕಾರಗಳ ವೇಷ ಹಾಕುತ್ತದೆ. ಫಾಂಟ್ ಕಿತ್ತರೆ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳ ಜಾತ್ರೆ. ಅಂಥ ಸಾದಾ ಪಠ್ಯ ಫೈಲುಗಳನ್ನು ಆರಿಸಲು:

ಫೈಲ್ --ಮೈಮ್-ಎನ್‌ಕೋಡಿಂಗ್ *

ಯುನಿಕೋಡ್ ಕನ್ನಡವಿದ್ದರೆ ‘ಯುಟಿಎಫ್-8’, ಬರೀ ಇಂಗ್ಲಿಷ್ ಇದ್ದರೆ ‘ಯುಎಸ್-ಆಸ್ಕಿ’ ಎಂದು ಬರುತ್ತದೆ. ಹಳೆಯ ನುಡಿ ಪಠ್ಯಕ್ಕೆ ‘ಐಎಸ್‌ಒ-8859-1’ ಅಥವಾ ‘ಅನ್‌ನೋನ್-8ಬಿಟ್’ ಎಂಬ ಉತ್ತರ ಸಹಜ. ನುಡಿಯನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಕೊಡಬೇಕಾದವು ಈ ಕೊನೆಯ ಎರಡು ಗುಂಪಿನವು. ಆದರೆ ಯಾರಾದರೂ ನುಡಿ ಪಠ್ಯವನ್ನು ಹೊಸ ನೋಟ್‌ಪ್ಯಾಡಿನಲ್ಲಿ ತೆರೆದು ಸೇವ್ ಮಾಡಿದ್ದರೆ ಆ ಗೆರೆ ಹೊತ್ತ ‘ಎ’ಗಳೇ ಯುಟಿಎಫ್-8 ಆಗಿ ಕೂತಿರುತ್ತವೆ, ಫೈಲ್ ಕಮಾಂಡು ಮೋಸಹೋಗುತ್ತದೆ. ಅದಕ್ಕೊಂದು ಸುಲಭದ ಪರೀಕ್ಷೆ:

ಗ್ರೆಪ್ -ಎಲ್ -ಇ 'ರ' -ಇ 'ನ' *.ಟಿಎಕ್ಸ್‌ಟಿ

ಇಲ್ಲಿ ಎಲ್ ದೊಡ್ಡದು, ಹುಡುಕುವ ಅಕ್ಷರಗಳು ನಿಜಕ್ಕೂ ಕನ್ನಡದವು. ‘ರ’ವಾಗಲಿ ‘ನ’ವಾಗಲಿ ಒಂದೂ ಇಲ್ಲದ ಫೈಲುಗಳ ಹೆಸರನ್ನು ಇದು ಕೊಡುತ್ತದೆ. ಒಂದು ಪುಟದಷ್ಟು ಕನ್ನಡ ಇವೆರಡೂ ಇಲ್ಲದೆ ಬರೆಯುವುದು ಕಷ್ಟವೇ ಸರಿ, ಆದ್ದರಿಂದ ಪಟ್ಟಿಯಲ್ಲಿ ಬಂದದ್ದು ಯುನಿಕೋಡ್ ಕನ್ನಡವಲ್ಲ. ಹಳೆಯ ವರ್ಡ್‌ನ ಡಾಕ್ ಫೈಲುಗಳಿಗೆ ಈ ಎರಡೂ ಉಪಾಯ ನಡೆಯುವುದಿಲ್ಲ. ಅವನ್ನು ತೆರೆದು ಫಾಂಟಿನ ಹೆಸರು ನೋಡಬೇಕು.

ಪ್ರಶ್ನೆ: ಸರ್ವರಿನಲ್ಲಿ ಕನ್ನಡ ಹೆಸರಿನ ಫೈಲುಗಳು \340\262\225 ಎಂಬಂತೆ ಅಂಕಿಗಳಾಗಿ ಬರುತ್ತವೆ. ಹೆಸರು ಕೆಟ್ಟುಹೋಗಿದೆಯೆ? (ಧಾರವಾಡ)

ಉತ್ತರ: ಇಲ್ಲ, ಹೆಸರು ಸರಿಯಾಗಿಯೇ ಇದೆ. ನೀವು ಬರೆದದ್ದು ‘ಕ’ ಅಕ್ಷರದ ಮೂರು ಬೈಟುಗಳು, ಅಷ್ಟಮಾನದಲ್ಲಿ. ಆ ಲಾಗಿನ್ನಿನ ಭಾಷಾ ಸೆಟ್ಟಿಂಗು ‘ಸಿ’ ಅಥವಾ ‘ಪಾಸಿಕ್ಸ್’ ಎಂದಿರುವುದರಿಂದ ಎಲ್‌ಎಸ್‌ಗೆ ಆ ಬೈಟುಗಳು ಅಕ್ಷರವಾಗಿ ಕಾಣುತ್ತಿಲ್ಲ. ‘ಲೊಕೇಲ್’ ಕಮಾಂಡು ಕೊಟ್ಟು ಎಲ್‌ಸಿ_ಸಿಟೈಪ್ ಎದುರು ಏನಿದೆ ನೋಡಿ. ತಾತ್ಕಾಲಿಕವಾಗಿ:

ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ.ಯುಟಿಎಫ್-8

ಮೊದಲ ಪದ ಸಣ್ಣಕ್ಷರದಲ್ಲೇ, ಸಮ ಚಿಹ್ನೆಗೆ ಅಂಟಿದ ಎರಡೂ ಕಡೆಯದು ಎಲ್ಲ ದೊಡ್ಡಕ್ಷರ, ಆ ಚಿಹ್ನೆಯ ಪಕ್ಕ ಖಾಲಿ ಜಾಗ ಕೂಡದು. ಇದರಿಂದ ಸರಿಹೋದರೆ ರೋಗ ಖಚಿತ, ಆಮೇಲೆ ಶಾಶ್ವತ ಸೆಟ್ಟಿಂಗು ಬದಲಿಸಿಕೊಳ್ಳಿ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಬರುವುದು ಬೇರೆ ವಿಷಯ: 2016ರ 8.25ನೇ ಆವೃತ್ತಿಯಿಂದ ಗ್ನೂ ಎಲ್‌ಎಸ್ ಖಾಲಿ ಜಾಗವಿರುವ ಹೆಸರುಗಳನ್ನು ಹಾಗೆ ತೋರಿಸುತ್ತದೆ. ಬೇಡವಾದರೆ ದೊಡ್ಡ ‘ಎನ್’ ಆಪ್ಷನ್.

ಕನ್ನಡ ಹೆಸರಿಡುವವರು ಅಳತೆಯನ್ನೂ ತಿಳಿದಿರಬೇಕು. ಲಿನಕ್ಸ್‌ನ ಎಕ್ಸ್‌ಟ್4ನಲ್ಲಿ ಹೆಸರಿನ ಮಿತಿ 255 ಬೈಟು. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ 3 ಬೈಟು, ಅಲ್ಲಿಗೆ 85 ಚಿಹ್ನೆ. ‘ಕ್ಷೇ’ ಕಣ್ಣಿಗೆ ಒಂದೇ ಅಕ್ಷರ; ಲೆಕ್ಕದಲ್ಲಿ ಕ, ವಿರಾಮ, ಷ, ಏತ್ವ ಸೇರಿ 4 ಚಿಹ್ನೆ, 12 ಬೈಟು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಿತಿ 255 ಚಿಹ್ನೆಗಳದ್ದು. ಅಲ್ಲಿ ಸಲೀಸಾಗಿ ಇದ್ದ ಉದ್ದ ಹೆಸರು ಇಲ್ಲಿಗೆ ಕಾಪಿ ಮಾಡುವಾಗ ‘ಹೆಸರು ತೀರಾ ಉದ್ದ’ ಎಂದು ನಿಲ್ಲುವುದು ಇದರಿಂದಲೇ.

ಇನ್ನು ಅನುಕ್ರಮ. ಮೇಲಿನ ಸೆಟ್ಟಿಂಗಿನಲ್ಲಿ ಪಟ್ಟಿ ಯುನಿಕೋಡ್ ಸಂಖ್ಯೆಯಂತೆ ಬರುತ್ತದೆ. ಅದು ಬಹುಪಾಲು ನಮ್ಮ ವರ್ಣಮಾಲೆಯೇ, ಆದರೆ ‘ಳ’ ಅಲ್ಲಿ ‘ಲ’ದ ಪಕ್ಕ ಕೂತಿದೆ. ಹಾಗಾಗಿ ‘ಕವನ’ಕ್ಕಿಂತ ‘ಕಳಸ’ ಮೊದಲು ಬರುತ್ತದೆ. ನಿಘಂಟಿನಲ್ಲಿ ಇದು ತಿರುಗುಮುರುಗು.

ಪ್ರಶ್ನೆ: ಯಾವ ವಿಧದ ಫೈಲು ಎಷ್ಟಿವೆ ಎಂದು ಎಣಿಸುವುದು ಹೇಗೆ? ‘ಎಲ್‌ಎಸ್ -ಎಲ್ | ಡಬ್ಲ್ಯೂಸಿ -ಎಲ್’ ಯಾವಾಗಲೂ ಒಂದು ಹೆಚ್ಚು ಹೇಳುತ್ತದೆ. (ಮೈಸೂರು)

ಉತ್ತರ: ಆ ಒಂದು ಹೆಚ್ಚು, ಪಟ್ಟಿಯ ಮೇಲಿನ ‘ಟೋಟಲ್’ ಸಾಲು. ಅದು ಫೈಲುಗಳ ಸಂಖ್ಯೆಯಲ್ಲ, ಡಿಸ್ಕಿನಲ್ಲಿ ಹಿಡಿದ ಜಾಗ. ಒಟ್ಟಾರೆ ಎಣಿಕೆಗೆ ‘ಫೈಂಡ್ . -ಟೈಪ್ ಎಫ್ | ಡಬ್ಲ್ಯೂಸಿ -ಎಲ್’. ಫೈಲು, ಫೋಲ್ಡರು, ಲಿಂಕು ಎಷ್ಟೆಷ್ಟು ಎಂಬುದಕ್ಕೆ ಗ್ನೂ ಫೈಂಡ್‌ನಲ್ಲಿ:

ಫೈಂಡ್ . -ಪ್ರಿಂಟ್‌ಎಫ್ '%ವೈ\ಎನ್' | ಸಾರ್ಟ್ | ಯುನಿಕ್ -ಸಿ

ಎಕ್ಸ್‌ಟೆನ್ಷನ್‌ವಾರು:

ಫೈಂಡ್ . -ಟೈಪ್ ಎಫ್ -ನೇಮ್ '?*.*' | ಸೆಡ್ 'ಎಸ್/.*\.//' | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಎನ್‌ಆರ್

‘ಯುನಿಕ್’ ಟೈಪ್ ಮಾಡುವಾಗ ಯು, ಎನ್, ಐ, ಕ್ಯೂ, ನಾಲ್ಕೇ ಅಕ್ಷರ. ಅದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಕೂಡಿಸುವುದರಿಂದ ಮೊದಲ ಸಾರ್ಟ್ ತಪ್ಪಿದರೆ ಜೆಪಿಜಿ ಹತ್ತು ಕಡೆ ಹತ್ತು ಲೆಕ್ಕ ತೋರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇಟ್ಟಿರುವುದು, ಚುಕ್ಕಿಯಿಂದ ಶುರುವಾಗಿ ಬೇರೆ ಚುಕ್ಕಿಯಿಲ್ಲದ ಸೆಟ್ಟಿಂಗ್ ಫೈಲುಗಳ ಹೆಸರೇ ಎಕ್ಸ್‌ಟೆನ್ಷನ್ ಎಂದು ಎಣಿಕೆಯಾಗದಿರಲಿ ಎಂದು.

ಪ್ರಶ್ನೆ: ಸ್ಕ್ಯಾನ್ ಮಾಡಿದ ಪುಟಗಳ ಫೋಲ್ಡರಿನಲ್ಲಿ ‘ಎಲ್‌ಎಸ್ *.ಟಿಫ್’ ಕೊಟ್ಟರೆ ಪಟ್ಟಿ ತೀರಾ ಉದ್ದವಾಯಿತು ಎನ್ನುತ್ತದೆ. (ಉಡುಪಿ)

ಉತ್ತರ: ಇದೂ ನಕ್ಷತ್ರದ ಕಥೆಯೇ. ಶೆಲ್ ಬಿಡಿಸಿದ ಹೆಸರುಗಳೆಲ್ಲ ಒಂದೇ ಸಲಕ್ಕೆ ಎಲ್‌ಎಸ್‌ಗೆ ಹೋಗಬೇಕು. ಸಾಮಾನ್ಯ ಲಿನಕ್ಸ್‌ನಲ್ಲಿ ಅದಕ್ಕೆ ಮಿತಿ 20,97,152 ಬೈಟು. ‘ಗೆಟ್‌ಕಾನ್ಫ್ ಆರ್ಗ್_ಮ್ಯಾಕ್ಸ್’ (ಎರಡನೆಯ ಪದ ದೊಡ್ಡಕ್ಷರ) ನಿಮ್ಮಲ್ಲಿ ಎಷ್ಟೆಂದು ಹೇಳುತ್ತದೆ. ನಕ್ಷತ್ರವಿಲ್ಲದ ಬರೀ ಎಲ್‌ಎಸ್‌ಗೆ ಈ ತೊಂದರೆ ಇಲ್ಲ. ಮೇಲೆ ಹೇಳಿದ ಐನೇಮ್ ವಿಧಾನ ಬಳಸಿ. ಅಷ್ಟು ದೊಡ್ಡ ಫೋಲ್ಡರಿನಲ್ಲಿ ಎಲ್‌ಎಸ್ ಉಸಿರುಕಟ್ಟಿದಂತೆ ನಿಂತರೆ ‘\ಎಲ್‌ಎಸ್ -ಯು’ (ದೊಡ್ಡ ಯು) ಕೊಡಿ. ಮುಂದಿನ ಓರೆಗೆರೆ ಬಣ್ಣದ ಅಲಿಯಾಸನ್ನು ಬದಿಗಿಡುತ್ತದೆ, ಯು ಅಕಾರಾದಿ ಜೋಡಣೆಯನ್ನು ಬಿಡಿಸುತ್ತದೆ. ತಡವಾಗುವುದು ಈ ಎರಡರಿಂದ.

ಪ್ರಶ್ನೆ: ವಿಂಡೋಸ್‌ನಿಂದ ತಂದ ಹಾರ್ಡ್ ಡಿಸ್ಕಿನಲ್ಲಿ ಎಲ್ಲ ಫೈಲೂ ಹಸಿರು. ಫೋಟೊ ಕೂಡ! (ತುಮಕೂರು)

ಉತ್ತರ: ಎಲ್‌ಎಸ್‌ನ ಹಸಿರು ಎಂದರೆ ಓಡಿಸುವ ಅನುಮತಿ ಇದೆ ಎಂದಷ್ಟೇ. ಲಿನಕ್ಸ್ ರೀತಿಯ ಅನುಮತಿಗಳು ಆ ಡಿಸ್ಕಿನಲ್ಲಿ ಇಲ್ಲದ್ದರಿಂದ ಮೌಂಟ್ ಮಾಡುವಾಗ (ಡಿಸ್ಕನ್ನು ಸಿಸ್ಟಮ್‌ಗೆ ಜೋಡಿಸುವಾಗ) ಎಲ್ಲಕ್ಕೂ ಒಂದೇ ಅನುಮತಿ ಹಚ್ಚಿದೆ. ಬೇಕಿದ್ದರೆ ಅನ್‌ಮೌಂಟ್ ಮಾಡಿ, ‘ಎಫ್‌ಮಾಸ್ಕ್=0133,ಡಿಮಾಸ್ಕ್=0022,ಯುಐಡಿ=1000’ ಆಪ್ಷನ್ನುಗಳೊಂದಿಗೆ ಮತ್ತೆ ಮೌಂಟ್ ಮಾಡಿ. ಫೈಲಿಗೆ 644, ಫೋಲ್ಡರಿಗೆ 755 ಬರುತ್ತದೆ. 1000ದ ಜಾಗದಲ್ಲಿ ನಿಮ್ಮ ಸಂಖ್ಯೆ. ‘ಐಡಿ -ಯು’ ಕೊಟ್ಟರೆ ಸಿಗುತ್ತದೆ.

ಪ್ರಶ್ನೆ: ಕಚೇರಿಯಲ್ಲಿ ವಿಂಡೋಸ್ ಮಾತ್ರ. ಅಲ್ಲಿ? (ಕಲಬುರಗಿ)

ಉತ್ತರ: ಕಮಾಂಡ್ ಪ್ರಾಂಪ್ಟಿನಲ್ಲಿ ‘ಡಿಐಆರ್ /ಒ:ಜಿಇ’ ಫೋಲ್ಡರುಗಳನ್ನು ಮೊದಲಿಟ್ಟು ಉಳಿದದ್ದನ್ನು ಎಕ್ಸ್‌ಟೆನ್ಷನ್ ಪ್ರಕಾರ ಜೋಡಿಸುತ್ತದೆ. ‘/ಎ:ಡಿ’ ಬರೀ ಫೋಲ್ಡರು, ‘/ಎ:-ಡಿ’ ಬರೀ ಫೈಲು. ‘*.ಎಚ್‌ಟಿಎಂ’ ಕೇಳಿದರೆ ಎಚ್‌ಟಿಎಂಎಲ್ ಫೈಲುಗಳೂ ಬಂದಾವು: ಡಾಸ್ ಕಾಲದ ಎಂಟು-ಮೂರು ಅಕ್ಷರದ ಗಿಡ್ಡ ಹೆಸರನ್ನೂ ಅದು ಹೊಂದಿಸಿ ನೋಡುತ್ತದೆ, ಆ ಗಿಡ್ಡ ಹೆಸರಿನಲ್ಲಿ ಎಕ್ಸ್‌ಟೆನ್ಷನ್ ಮೂರೇ ಅಕ್ಷರ. ಪವರ್‌ಶೆಲ್ ಇದ್ದರೆ ಎಣಿಕೆಯೂ ಒಂದೇ ಸಾಲು:

ಗೆಟ್-ಚೈಲ್ಡ್‌ಐಟಂ -ಫೈಲ್ -ರಿಕರ್ಸ್ | ಗ್ರೂಪ್-ಆಬ್ಜೆಕ್ಟ್ ಎಕ್ಸ್‌ಟೆನ್ಷನ್ -ನೋಎಲಿಮೆಂಟ್

ದೊಡ್ಡ-ಸಣ್ಣ ಅಕ್ಷರದ ಭೇದವನ್ನು ಇದು ತಾನಾಗಿಯೇ ಬಿಡುತ್ತದೆ, ಮಂಗಳೂರಿನ ಓದುಗರ ತೊಂದರೆ ಇಲ್ಲಿ ಬರುವುದಿಲ್ಲ.